ಆರಿಸಿ ತೆಗೆಯುವ ತತ್ವಶಾಸ್ತ್ರ: ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನ ಎಕ್ಲೆಕ್ಟಿಸಿಸಂ ಎಂದರೇನು?

ಪ್ರತಿ ಜೂನ್ ತಿಂಗಳಲ್ಲಿ ಫ್ರಾನ್ಸಿನ ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು ನಾಲ್ಕು ಗಂಟೆ ಕೂತು ತತ್ವಶಾಸ್ತ್ರದ ಪರೀಕ್ಷೆ ಬರೆಯುತ್ತಾರೆ. ಎರಡು ಪ್ರಬಂಧದ ಪ್ರಶ್ನೆಗಳು ಮತ್ತು ಯಾರಾದರೊಬ್ಬ ತತ್ವಜ್ಞಾನಿಯ ಬರಹದ ತುಣುಕು, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮುಂದೆ ಎಂಜಿನಿಯರಿಂಗಿಗೆ ಹೋಗುವವರಿಗೂ ಇದು ತಪ್ಪುವುದಿಲ್ಲ. ಆ ಪ್ರಶ್ನೆಗಳು ಮೊಬೈಲಿನಲ್ಲಿ ಹರಿದಾಡಿ ನಮ್ಮವರ ಕಣ್ಣಿಗೂ ಬೀಳುವುದುಂಟು. ಪಿಯುಸಿ ಮುಗಿಸುವ ವಯಸ್ಸಿನ ಮಕ್ಕಳಿಗೆ ಇಂಥ ಪ್ರಶ್ನೆ ಯಾಕೆ, ಇದನ್ನು ಶುರು ಮಾಡಿದವರು ಯಾರು ಎಂದು ಹುಡುಕಲು ಹೊರಟವರು ಬೇಗನೆ ಹತ್ತೊಂಬತ್ತನೇ ಶತಮಾನದ ಒಬ್ಬ ಫ್ರೆಂಚ್ ತತ್ವಜ್ಞಾನಿಯ ಹೆಸರಿಗೆ ಬಂದು ನಿಲ್ಲುತ್ತಾರೆ: ವಿಕ್ಟರ್ ಕೂಝಾಂ. ಆ ಹೆಸರಿನ ಜೊತೆಗೇ ಒಂದು ವಿಚಿತ್ರ ಪದ ಎದುರಾಗುತ್ತದೆ: ಎಕ್ಲೆಕ್ಟಿಸಿಸಂ.

ಶಾಲೆಯಲ್ಲಿ ತತ್ವಶಾಸ್ತ್ರದ ತರಗತಿ ಕೂಝಾಂಗಿಂತ ಮೊದಲೂ ಇತ್ತು. ಆದರೆ ಅದಕ್ಕೆ ಇಡೀ ದೇಶಕ್ಕೆ ಒಂದೇ ಪಠ್ಯಕ್ರಮ, ತರಬೇತಾದ ಅಧ್ಯಾಪಕರ ಪಡೆ ಮತ್ತು ಸರ್ಕಾರದ ಬೆನ್ನು ಸಿಕ್ಕಿದ್ದು ಅವನ ಕಾಲದಲ್ಲಿ. ಅವನು ಕಲಿಸಿದ ತತ್ವವೇ ಎಕ್ಲೆಕ್ಟಿಸಿಸಂ. ಇಂದು ಆ ಪದವನ್ನು ಬಟ್ಟೆ, ಸಂಗೀತ, ಮನೆಯ ಅಲಂಕಾರ ಯಾವುದಕ್ಕಾದರೂ ಹಚ್ಚುತ್ತಾರೆ; ಎಲ್ಲ ಕಡೆಯಿಂದ ಚೂರು ಚೂರು ತಂದು ಬೆರೆಸಿದ್ದು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಕೂಝಾಂ ಹೇಳಿದ್ದು ಅದಲ್ಲ.

## ಪದದ ಅರ್ಥ

ಗ್ರೀಕ್ ಭಾಷೆಯಲ್ಲಿ ‘ಎಕ್ಲೆಗೈನ್’ ಎಂದರೆ ಆರಿಸಿ ತೆಗೆ. ಅಲೆಕ್ಸಾಂಡ್ರಿಯಾದ ಪೊಟಮೋನ್ ಎಂಬವನು ಬೇರೆ ಬೇರೆ ಪಂಥಗಳಿಂದ ತನಗೆ ಒಪ್ಪಿದ್ದನ್ನು ಆರಿಸಿ ಒಂದು ಪಂಥ ಕಟ್ಟಿದ್ದನೆಂದು ಪ್ರಾಚೀನ ಲೇಖಕ ಡಯೊಜಿನಿಸ್ ಲೇರ್ಷಿಯಸ್ ಬರೆದಿದ್ದಾನೆ. ಹದಿನೆಂಟನೇ ಶತಮಾನದಲ್ಲಿ ಇದು ಹೊಗಳಿಕೆಯ ಮಾತಾಗಿತ್ತು. ದಿದೆರೊ ಸಂಪಾದಿಸುತ್ತಿದ್ದ ವಿಶ್ವಕೋಶದ ಐದನೇ ಸಂಪುಟದಲ್ಲಿ (1755) ಈ ಪದಕ್ಕೆ ಅವನದೇ ದೊಡ್ಡ ಲೇಖನವಿದೆ. ಅಲ್ಲಿ ಎಕ್ಲೆಕ್ಟಿಕ್ ಎಂದರೆ ಗುರು, ಸಂಪ್ರದಾಯ, ಅಧಿಕಾರ ಯಾವುದಕ್ಕೂ ತಲೆಬಾಗದೆ ತಾನೇ ಪರೀಕ್ಷಿಸಿ ಒಪ್ಪುವ ಧೈರ್ಯವಂತ.

ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತು ಹಂಸಕ್ಷೀರ ನ್ಯಾಯ: ಹಾಲುನೀರು ಬೆರೆತಿದ್ದರೂ ಹಂಸ ಹಾಲನ್ನಷ್ಟೇ ಹೀರುತ್ತದಂತೆ. ಕನ್ನಡದಲ್ಲಿ ‘ಸಾರಸಂಗ್ರಹವಾದ’ ಎನ್ನಬಹುದು. ಈ ಲೇಖನದಲ್ಲಿ ಆ ಪದವನ್ನೇ ಬಳಸುತ್ತೇನೆ. ಆದರೆ ವಿಷಯಕ್ಕೆ ಹೆಚ್ಚು ಒಪ್ಪುವ ಹೋಲಿಕೆ ಅಡುಗೆಮನೆಯ ಮೊರ. ಮೊರದಲ್ಲಿ ಕೇರುವವರು ಕಾಳು ಮತ್ತು ಹೊಟ್ಟನ್ನು ಬೆರೆಸುವುದಿಲ್ಲ, ಬೇರ್ಪಡಿಸುತ್ತಾರೆ. ಕೇರಬೇಕಾದರೆ ಕಾಳು ಯಾವುದು, ಹೊಟ್ಟು ಯಾವುದು ಎಂಬುದು ಮೊದಲೇ ಗೊತ್ತಿರಬೇಕು. ಕೂಝಾಂನ ತತ್ವದ ಬಲ ಮತ್ತು ಅದು ಎಡವಿದ ಜಾಗ ಎರಡೂ ಇಲ್ಲೇ ಇವೆ.

## ಫ್ರಾನ್ಸಿಗೆ ಇದು ಯಾಕೆ ಬೇಕಾಯಿತು?

ಕ್ರಾಂತಿ ನಡೆದದ್ದು 1789ರಲ್ಲಿ. ಮುಂದಿನ ಇಪ್ಪತ್ತಾರು ವರ್ಷಗಳಲ್ಲಿ ದೇಶ ರಾಜನ ತಲೆ ಹಾರಿಸಿತು, ಗಣರಾಜ್ಯವಾಯಿತು, ನೆಪೋಲಿಯನ್ನನ ಸಾಮ್ರಾಜ್ಯವಾಯಿತು, 1815ರ ಹೊತ್ತಿಗೆ ಮತ್ತೆ ಹಳೆಯ ರಾಜವಂಶದ ಕೈಗೆ ಬಂತು. ವಿಚಾರದ ಲೋಕದಲ್ಲಿ ಎರಡು ಗುಂಪುಗಳು ಎದುರುಬದುರು ನಿಂತಿದ್ದವು.

ಒಂದು ಗುಂಪು ಹದಿನೆಂಟನೇ ಶತಮಾನದ ಫ್ರೆಂಚ್ ತತ್ವಜ್ಞಾನಿ ಕೊಂದಿಯಾಕ್‌ನ ಅನುಯಾಯಿಗಳದು. ಅವನು 1754ರಲ್ಲಿ ಒಂದು ಕಲ್ಪನೆಯನ್ನು ಮುಂದಿಟ್ಟಿದ್ದ. ಒಂದು ಕಲ್ಲಿನ ಪ್ರತಿಮೆ. ಒಳಗೆ ಮನಸ್ಸಿದೆ, ಆದರೆ ಅದರಲ್ಲಿ ಏನೂ ಇಲ್ಲ. ಅದಕ್ಕೆ ಮೊದಲು ಮೂಗನ್ನಷ್ಟೇ ಕೊಟ್ಟು ಗುಲಾಬಿ ಹಿಡಿಯಿರಿ. ಆಗ ಅದರ ಪಾಲಿಗೆ ತಾನೆಂದರೆ ಆ ಗುಲಾಬಿಯ ವಾಸನೆಯೇ. ಹೂವು ತೆಗೆದ ಮೇಲೂ ಉಳಿಯುವ ವಾಸನೆ ನೆನಪು; ಎರಡು ವಾಸನೆಗಳ ನಡುವಿನ ತೂಗಾಟ ಹೋಲಿಕೆ; ಹಿತವಾದದ್ದು ಮತ್ತೆ ಬೇಕೆನಿಸಿದರೆ ಆಸೆ. ಹೀಗೆ ಒಂದೊಂದೇ ಇಂದ್ರಿಯ ಕೊಡುತ್ತ ಹೋದರೆ ಇಡೀ ಮನಸ್ಸು ಕಟ್ಟಿಕೊಳ್ಳುತ್ತದೆ ಎಂದು ಅವನ ವಾದ. ಇದೇ ಇಂದ್ರಿಯವಾದ.

ಎದುರು ಗುಂಪಿನ ಜೋಸೆಫ್ ದ ಮೈಸ್ತ್ರ್, ಬೊನಾಲ್ಡ್ ಮೊದಲಾದವರಿಗೆ ಕ್ರಾಂತಿಯ ರಕ್ತಪಾತಕ್ಕೆ ಇಂಥ ವಿಚಾರಗಳೇ ಕಾರಣ. ಒಂಟಿ ಮನುಷ್ಯನ ಬುದ್ಧಿಯನ್ನು ನಂಬಬಾರದು, ಸತ್ಯ ಪರಂಪರೆಯಿಂದ ಮತ್ತು ಚರ್ಚಿನಿಂದ ಬರಬೇಕು ಎಂದು ಅವರ ನಿಲುವು.

ಇವೆರಡರ ನಡುವೆ ಬಿಕ್ಕಟ್ಟಿಗೆ ಸಿಕ್ಕಿದ್ದು ಯುವಕರು. ಕ್ರಾಂತಿ ತಂದ ಸ್ವಾತಂತ್ರ್ಯ ಅವರಿಗೆ ಬೇಕಿತ್ತು. ಆದರೆ ಕರ್ತವ್ಯ, ಆತ್ಮ, ದೇವರು ಇವೆಲ್ಲ ಬರೀ ವಾಸನೆ ಬಣ್ಣಗಳ ಮಿಶ್ರಣ ಎಂದು ಒಪ್ಪಲು ಮನಸ್ಸು ಬರುತ್ತಿರಲಿಲ್ಲ.

## ವಾಚ್ ರಿಪೇರಿಯವನ ಮಗ

ಕೂಝಾಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1792ರ ನವೆಂಬರ್ 28ರಂದು, ಗಡಿಯಾರದ ಕೆಲಸಗಾರನ ಮನೆಯಲ್ಲಿ. ಅಧ್ಯಾಪಕರನ್ನು ತಯಾರು ಮಾಡುವ ಎಕೋಲ್ ನಾರ್ಮಲ್ ಸಂಸ್ಥೆಗೆ 1810ರಲ್ಲಿ ಸೇರಿದ. ಮೂವರಿಂದ ಮೂರು ಪಾಠ ಕಲಿತ. ಬರೀ ಸಂವೇದನೆ ಸಾಲದು, ಮನಸ್ಸು ಗಮನ ಕೊಡುತ್ತದೆ, ಅದೂ ಒಂದು ಕೆಲಸ ಎಂದವನು ಲಾರೊಮಿಗ್ಯೇರ್. ಸ್ಕಾಟ್ಲೆಂಡಿನ ಥಾಮಸ್ ರೀಡ್‌ನ ಸಾಮಾನ್ಯಜ್ಞಾನದ (ಕಾಮನ್ ಸೆನ್ಸ್) ತತ್ವವನ್ನು ಪರಿಚಯಿಸಿದವನು ರೊಯೆ-ಕೊಲಾರ್. ಮೂರನೆಯವನು ಮೆನ್ ದ ಬಿರಾಂ: ಕೈ ಎತ್ತುವಾಗ ನಾವು ಹಾಕುವ ಬಲ ಮತ್ತು ದೇಹ ಒಡ್ಡುವ ತಡೆ, ಈ ಎಳೆದಾಟದಲ್ಲೇ ‘ನಾನು’ ಎಂಬುದು ನಮಗೆ ಮೊದಲು ಗೊತ್ತಾಗುತ್ತದೆ ಎಂದವನು.

1815ರ ಕೊನೆಗೆ, ಇನ್ನೂ 23ರ ವಯಸ್ಸಿನಲ್ಲಿ, ಕೂಝಾಂ ಪ್ಯಾರಿಸ್ಸಿನ ವಿಶ್ವವಿದ್ಯಾಲಯವಾದ ಸೊರ್ಬಾನ್‌ನಲ್ಲಿ ರೊಯೆ-ಕೊಲಾರ್‌ನ ಜಾಗದಲ್ಲಿ ಪಾಠಕ್ಕೆ ನಿಂತ. 1817ರಲ್ಲಿ ಜರ್ಮನಿಗೆ ಹೋಗಿ ಹೈಡೆಲ್‌ಬರ್ಗಿನಲ್ಲಿ ತತ್ವಜ್ಞಾನಿ ಹೆಗೆಲ್‌ನನ್ನು, ಮರುವರ್ಷ ಮ್ಯೂನಿಕ್‌ನಲ್ಲಿ ಶೆಲ್ಲಿಂಗ್‌ನನ್ನು ಭೇಟಿಯಾದ. 1820ರಲ್ಲಿ ಉದಾರವಾದಿಗಳ ಮೇಲೆ ಸರ್ಕಾರದ ಕಣ್ಣು ಕೆಂಪಾದಾಗ ಅವನ ತರಗತಿ ನಿಂತಿತು. 1824ರಲ್ಲಿ ಡ್ರೆಸ್ಡೆನ್‌ನಲ್ಲಿ ಕ್ರಾಂತಿಕಾರಿ ಎಂಬ ಅನುಮಾನದ ಮೇಲೆ ಬಂಧಿಸಿ ಬರ್ಲಿನ್ನಿಗೆ ಒಯ್ದರು. ಅವನ ಪರವಾಗಿ ಹೆಗೆಲ್ ಪ್ರಷ್ಯಾದ ಮಂತ್ರಿಗೆ ಪತ್ರ ಬರೆದ. ಪಾಠವಿಲ್ಲದ ಈ ವರ್ಷಗಳಲ್ಲಿ ಕೂಝಾಂ ಡೇಕಾರ್ಟ್‌ನ ಕೃತಿಗಳನ್ನು ಹನ್ನೊಂದು ಸಂಪುಟಗಳಲ್ಲಿ ಸಂಪಾದಿಸಿದ, ಪ್ಲೇಟೋನನ್ನು ಫ್ರೆಂಚಿಗೆ ತರಲು ಶುರುಮಾಡಿದ. ಆ ಅನುವಾದ 1840ರವರೆಗೆ ನಡೆದು ಹದಿಮೂರು ಸಂಪುಟಗಳಾಯಿತು.

1828ರಲ್ಲಿ ಮತ್ತೆ ವೇದಿಕೆ ಸಿಕ್ಕಿತು. ಇತಿಹಾಸಕಾರ ಗಿಜೋ, ಸಾಹಿತ್ಯದ ವಿಲ್‌ಮ್ಯಾಂ ಮತ್ತು ಕೂಝಾಂ, ಈ ಮೂವರ ಉಪನ್ಯಾಸಗಳಿಗೆ ಸೊರ್ಬಾನ್‌ನಲ್ಲಿ ಜನ ಕಿಕ್ಕಿರಿದು ಸೇರುತ್ತಿದ್ದರು. ಮಾತು ಮಾತನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಂಡು ಅಚ್ಚುಹಾಕಿ ಹಂಚಲಾಗುತ್ತಿತ್ತು. ಸಾರಸಂಗ್ರಹವಾದ ಮನೆಮಾತಾದದ್ದು ಆಗ.

## ವಿಧಾನ: ಮೊದಲು ಒಳಗೆ, ಆಮೇಲೆ ಇತಿಹಾಸ

ಹಳೆಯ ಪುಸ್ತಕಗಳನ್ನು ಗುಡ್ಡೆಹಾಕಿಕೊಂಡು ಚೆನ್ನಾಗಿ ಕಂಡದ್ದನ್ನು ಕತ್ತರಿಸಿಕೊಳ್ಳುವುದು ಸಾರಸಂಗ್ರಹ ಎಂದು ಬಹಳ ಜನ ತಿಳಿಯುತ್ತಾರೆ. ಕೂಝಾಂನಲ್ಲಿ ಪುಸ್ತಕ ತೆರೆಯುವುದು ಕೊನೆಯ ಹೆಜ್ಜೆ.

ಮೊದಲ ಹೆಜ್ಜೆ, ನಮ್ಮದೇ ಅರಿವನ್ನು ಗಮನಿಸುವುದು. ವಿಜ್ಞಾನಿ ಪ್ರಕೃತಿಯನ್ನು ನೋಡುವ ಹಾಗೆ ತತ್ವಜ್ಞಾನಿ ತನ್ನ ಮನಸ್ಸಿನಲ್ಲಿ ನಡೆಯುವುದನ್ನು ನೋಡಬೇಕು. ಇದಕ್ಕೆ ಅವನು ಇಟ್ಟ ಹೆಸರು ಸೈಕಾಲಜಿ. ಇಂದಿನ ಪ್ರಯೋಗಾಲಯದ ಮನಶ್ಶಾಸ್ತ್ರವನ್ನು ಇದರೊಂದಿಗೆ ಬೆರೆಸಬಾರದು. ಇಲ್ಲಿ ಅಳತೆಯಿಲ್ಲ, ಉಪಕರಣವಿಲ್ಲ, ಒಳನೋಟ ಮಾತ್ರ.

ಹಾಗೆ ನೋಡಿದರೆ ಮೂರು ಬಗೆಯ ಸಂಗತಿಗಳು ಕಾಣುತ್ತವೆ. ರಾತ್ರಿ ಯಾರೋ ಬಾಗಿಲು ಬಡಿದರು ಅಂದುಕೊಳ್ಳಿ. ಸದ್ದು ಕಿವಿಗೆ ಬಿತ್ತು, ಬೇಡವೆಂದರೂ ಕೇಳಿಸಿತು. ಇದು ಸಂವೇದನೆ. ಏಳೋಣವೋ ಬೇಡವೋ ಎಂದು ಯೋಚಿಸಿ ಎದ್ದಿರಿ, ಏಳದೆಯೂ ಇರಬಹುದಿತ್ತು. ಇದು ಸಂಕಲ್ಪ, ಇಲ್ಲಿ ಕೆಲಸ ಮಾಡಿದ್ದು ‘ನಾನು’. ಇವೆರಡರ ನಡುವೆ ಇನ್ನೊಂದು ನಡೆದುಹೋಯಿತು: ಸದ್ದು ಸುಮ್ಮನೆ ಬರುವುದಿಲ್ಲ, ಬಡಿದವರು ಇದ್ದೇ ಇರಬೇಕು ಎಂದು ನಿಮಗೆ ಗೊತ್ತಾಯಿತು. ಕಾರಣವಿಲ್ಲದೆ ಏನೂ ಆಗದು ಎಂಬುದನ್ನು ಕಿವಿ ಹೇಳಲಿಲ್ಲ, ಕಿವಿ ಹೇಳಿದ್ದು ಸದ್ದನ್ನು ಮಾತ್ರ. ನೀವು ಬಯಸಿ ಮಾಡಿಕೊಂಡದ್ದೂ ಅಲ್ಲ, ಬಯಸಿದರೂ ಅದನ್ನು ಬದಲಿಸಲಾಗದು. ಈ ಮೂರನೆಯದು ವಿವೇಚನೆ.

ಎರಡನೇ ಹೆಜ್ಜೆ ಹೆಚ್ಚು ದಿಟ್ಟ. ವಿವೇಚನೆ ನನ್ನಲ್ಲಿ ನಡೆದರೂ ಅದು ನನ್ನದಲ್ಲ ಎನ್ನುತ್ತಾನೆ ಕೂಝಾಂ. ನನ್ನ ಹಲ್ಲುನೋವು ನನ್ನದು, ನನ್ನ ನಿರ್ಧಾರ ನನ್ನದು. ಆದರೆ ಎರಡಕ್ಕೆ ಎರಡು ಸೇರಿದರೆ ನಾಲ್ಕು ಎಂಬುದನ್ನು ನನ್ನ ಸತ್ಯ, ನಿನ್ನ ಸತ್ಯ ಎಂದು ಯಾರೂ ಹಂಚಿಕೊಳ್ಳುವುದಿಲ್ಲ. ಈ ‘ವ್ಯಕ್ತಿಗೆ ಸೇರದ ವಿವೇಚನೆ’ಯ ಸೇತುವೆಯ ಮೇಲೆ ನಡೆದು ಅವನು ಒಳಗಿನ ಅರಿವಿನಿಂದ ಹೊರಗಿನ ಜಗತ್ತಿಗೂ, ಸತ್ಯಗಳಿಗೆಲ್ಲ ಆಧಾರವಾದ ದೇವರಿಗೂ ತಲುಪುತ್ತಾನೆ.

ಈ ವಿವೇಚನೆ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಎಲ್ಲರಲ್ಲೂ, ಓದುಬರಹ ಬಾರದವರಲ್ಲೂ, ತಾನಾಗಿ ಹೊಳೆಯುತ್ತದೆ. ಅದು ಸಹಜ ವಿವೇಚನೆ. ಕೆಲವರು ಅದನ್ನು ನಿಧಾನವಾಗಿ ಬಿಡಿಸಿ ನೋಡುತ್ತಾರೆ, ಅದು ಚಿಂತನೆ. ತಪ್ಪು ಹುಟ್ಟುವುದು ಈ ಎರಡನೆಯದರಲ್ಲಿ, ಯಾಕೆಂದರೆ ಬಿಡಿಸಿ ನೋಡುವವನು ಒಂದು ಎಳೆಯನ್ನು ಹಿಡಿದು ಅದೇ ಇಡೀ ಬಟ್ಟೆ ಎಂದುಕೊಳ್ಳುತ್ತಾನೆ. ಹಾಗಾಗಿ ತತ್ವಜ್ಞಾನಿಗಳ ತಪ್ಪು ಸುಳ್ಳಲ್ಲ, ಅರೆಸತ್ಯ. ಪಂಥಗಳು ತಾವು ಹೌದೆನ್ನುವುದರಲ್ಲಿ ಬಹುಪಾಲು ಸರಿ, ಅಲ್ಲವೆನ್ನುವುದರಲ್ಲಿ ಅಷ್ಟಲ್ಲ ಎಂಬ ಮಾತನ್ನು ನೂರು ವರ್ಷ ಮುಂಚೆ ಲೈಬ್ನಿಟ್ಸ್ ಒಂದು ಪತ್ರದಲ್ಲಿ ಬರೆದಿದ್ದ. ಸಾರಸಂಗ್ರಹವಾದಿಗಳ ಮೊರ ಇದೇ.

ಈಗ ಪುಸ್ತಕ ತೆರೆಯಬಹುದು. ಅರಿವಿನಲ್ಲಿ ಕಂಡ ಮೂರು ಸಂಗತಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಈ ಪಂಥ ಯಾವುದನ್ನು ಹಿಡಿಯಿತು, ಯಾವುದನ್ನು ಬಿಟ್ಟಿತು ಎಂದು ನೋಡುವುದು ಮೂರನೇ ಹೆಜ್ಜೆ.

## ಮೊರ ಹೇಗೆ ಓಡುತ್ತದೆ: ಲಾಕ್‌ನ ಉದಾಹರಣೆ

1829ರಲ್ಲಿ ಕೂಝಾಂ ಇಂಗ್ಲೆಂಡಿನ ಜಾನ್ ಲಾಕ್‌ನನ್ನು ಸಾಲುಸಾಲಾಗಿ ಪರೀಕ್ಷೆಗೆ ಒಡ್ಡಿದ. ಅವನ ಕೆಲಸದಲ್ಲಿ ಇಂದಿಗೂ ಓದಬೇಕಾದ ಭಾಗ ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ಲಾಕ್ ಹೇಳಿದ್ದು: ನಮ್ಮ ಕಲ್ಪನೆಗಳೆಲ್ಲ ಅನುಭವದಿಂದ ಬರುತ್ತವೆ, ಇಂದ್ರಿಯದಿಂದ, ಇಲ್ಲವೇ ಮನಸ್ಸು ತನ್ನನ್ನು ತಾನು ನೋಡಿಕೊಳ್ಳುವುದರಿಂದ. ಕೂಝಾಂ ಕೇಳುತ್ತಾನೆ: ಹಾಗಾದರೆ ‘ಜಾಗ’ ಎಂಬ ಕಲ್ಪನೆ ಎಲ್ಲಿಂದ ಬಂತು?

ಒಂದು ಕೋಣೆಯಲ್ಲಿ ಮಂಚ, ಬೀರು, ಕುರ್ಚಿ ಇವೆ. ಮಂಚ ಇಲ್ಲವೆಂದು ಊಹಿಸಿಕೊಳ್ಳಿ, ಆಗುತ್ತದೆ. ಬೀರು, ಗೋಡೆ, ಇಡೀ ಮನೆ ಇಲ್ಲವೆಂದು ಊಹಿಸಿ, ಅದೂ ಆಗುತ್ತದೆ. ಈಗ ಅವು ಇದ್ದ ಜಾಗವೇ ಇಲ್ಲವೆಂದು ಊಹಿಸಿ ನೋಡಿ. ಆಗುವುದಿಲ್ಲ. ವಸ್ತುವಿಗೆ ಅಂಚಿದೆ, ಜಾಗಕ್ಕೆ ಅಂಚು ಕಟ್ಟಿದರೆ ಅಂಚಿನಾಚೆ ಮತ್ತೆ ಜಾಗ. ಕಣ್ಣು ಕೈ ಮುಟ್ಟಿದ್ದು ವಸ್ತುವನ್ನು. ಜಾಗವನ್ನು ಯಾವ ಇಂದ್ರಿಯವೂ ಮುಟ್ಟಿಲ್ಲ. ಎಂದಮೇಲೆ ಜಾಗದ ಕಲ್ಪನೆ ವಸ್ತುವಿನ ಅನುಭವದಿಂದ ಹಿಂಡಿ ತೆಗೆದದ್ದಾಗಿರಲಾರದು.

ಆದರೂ ಯಾವ ವಸ್ತುವನ್ನೂ ಕಂಡಿರದ ಮಗುವಿಗೆ ಜಾಗದ ಕಲ್ಪನೆ ಇರುತ್ತದೆಯೇ? ಇಲ್ಲ ಎಂದು ಕೂಝಾಂ ಒಪ್ಪುತ್ತಾನೆ. ಇಲ್ಲೇ ಅವನ ಮುಖ್ಯ ಗೆರೆ ಬೀಳುತ್ತದೆ. ಕಾಲದ ಸಾಲಿನಲ್ಲಿ ವಸ್ತುವಿನ ಅನುಭವ ಮೊದಲು, ಜಾಗದ ಕಲ್ಪನೆ ಆಮೇಲೆ. ತರ್ಕದ ಸಾಲಿನಲ್ಲಿ ಜಾಗ ಮೊದಲು, ಯಾಕೆಂದರೆ ಜಾಗವಿಲ್ಲದೆ ವಸ್ತು ಇರಲಾರದು. ಅನುಭವ ಸಂದರ್ಭ ಒದಗಿಸುತ್ತದೆ, ಕಲ್ಪನೆ ವಿವೇಚನೆಯಿಂದ ಬರುತ್ತದೆ. ಬೆಂಕಿಕಡ್ಡಿ ಗೀರದೆ ದೀಪ ಹತ್ತದು, ಆದರೆ ದೀಪ ಉರಿಯುವುದು ಎಣ್ಣೆಯಿಂದ.

ಅನುಭವ ಮೊದಲು ಬರುತ್ತದೆ ಎಂಬುದರಲ್ಲಿ ಲಾಕ್ ಸರಿ, ಕಾಳು ಉಳಿಯಿತು. ಅನುಭವ ಬಿಟ್ಟರೆ ಬೇರೆ ಮೂಲವೇ ಇಲ್ಲ ಎಂಬುದರಲ್ಲಿ ತಪ್ಪು, ಹೊಟ್ಟು ಹಾರಿತು. ಕಾಲ, ಅನಂತ, ಕಾರಣ, ಒಳಿತು ಕೆಡುಕು ಎಲ್ಲವನ್ನೂ ಅವನು ಇದೇ ಕ್ರಮದಲ್ಲಿ ಕೇರುತ್ತಾನೆ. ಜರ್ಮನ್ ತತ್ವಜ್ಞಾನಿ ಕಾಂಟ್‌ನ ಋಣ ಇದರಲ್ಲಿ ದೊಡ್ಡದು. ಆದರೆ ಕಾಂಟ್‌ನ ಪಾಲಿಗೆ ಜಾಗ ನಮ್ಮ ಗ್ರಹಿಕೆಯ ರೂಪ ಅಷ್ಟೇ. ಕೂಝಾಂಗೆ ವಿವೇಚನೆ ಹೇಳಿದ್ದು ಹೊರಗೂ ನಿಜ.

## ನಾಲ್ಕು ಡಬ್ಬಿಗಳು

ಇತಿಹಾಸದಲ್ಲಿ ಎಷ್ಟು ಪಂಥಗಳಿದ್ದರೂ ಬೇರು ನಾಲ್ಕೇ ಎಂದು ಕೂಝಾಂ ಹೇಳಿದ. ಮನಸ್ಸು ಮೊದಲು ಕಣ್ಣಿಗೆ ಕಂಡದ್ದನ್ನೇ ಎಲ್ಲವೆಂದು ಹಿಡಿಯುತ್ತದೆ: ಇಂದ್ರಿಯವಾದ. ಅದು ಸಾಲದೆ ಕಲ್ಪನೆಗಳನ್ನೇ ಎಲ್ಲವೆಂದು ಹಿಡಿಯುತ್ತದೆ: ಭಾವವಾದ. ಇಬ್ಬರ ಜಗಳ ನೋಡಿದವರು ಇಬ್ಬರನ್ನೂ ನಂಬುವುದಿಲ್ಲ: ಸಂಶಯವಾದ. ಸಂಶಯದಲ್ಲಿ ಬದುಕಲಾಗದೆ ತರ್ಕ ಬಿಟ್ಟು ನೇರ ದರ್ಶನಕ್ಕೆ ಹಂಬಲಿಸುತ್ತಾರೆ: ಅನುಭಾವವಾದ. ಪ್ರತಿ ಯುಗದಲ್ಲೂ ಈ ಚಕ್ರ ತಿರುಗುತ್ತದೆ. ಹದಿನೆಂಟನೇ ಶತಮಾನಕ್ಕೆ ಹಚ್ಚಿದರೆ ಕೊಂದಿಯಾಕ್, ಕಾಂಟ್, ಹ್ಯೂಮ್ ಮತ್ತು ಸ್ವೀಡನ್‌ಬೋರ್ಗ್ ಒಂದೊಂದು ಡಬ್ಬಿಗೆ ಬೀಳುತ್ತಾರೆ.

ದರ್ಶನಗಳನ್ನು ಸಾಲಾಗಿ ಜೋಡಿಸುವುದು ನಮಗೆ ಹೊಸದಲ್ಲ. ವಿಜಯನಗರ ಕಾಲದ ಸರ್ವದರ್ಶನಸಂಗ್ರಹ ಚಾರ್ವಾಕದಿಂದ ಹೊರಟು ಒಂದೊಂದೇ ಮೆಟ್ಟಿಲು ಏರುತ್ತದೆ. ಅಲ್ಲಿ ಕೆಳಗಿನದನ್ನು ಮೇಲಿನದು ಖಂಡಿಸುತ್ತದೆ. ಕೂಝಾಂನ ಜೋಡಣೆ ಏಣಿಯಲ್ಲ, ಚಕ್ರ: ನಾಲ್ಕೂ ಮತ್ತೆ ಮತ್ತೆ ಹುಟ್ಟುತ್ತವೆ, ನಾಲ್ಕರಿಂದಲೂ ಪಡೆಯುವುದಿದೆ.

## ಡಬ್ಬಿ ಎಲ್ಲಿ ಮುರಿಯಿತು: ಸಾಂಖ್ಯದ ಕಥೆ

1829ರ ಉಪನ್ಯಾಸಗಳಲ್ಲಿ ಕೂಝಾಂ ಭಾರತಕ್ಕೂ ಬಂದ. ಅವನಿಗೆ ಸಂಸ್ಕೃತ ಬರುತ್ತಿರಲಿಲ್ಲ. ಮುಖ್ಯ ಆಧಾರ ಹೆನ್ರಿ ಕೋಲ್‌ಬ್ರೂಕ್ 1823ರಿಂದ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧಗಳು. ಅವುಗಳ ಮೇಲೆ ನಿಂತು ವೇದಾಂತವನ್ನು ಭಾವವಾದಕ್ಕೂ, ಪತಂಜಲಿಯ ಯೋಗ ಮತ್ತು ಭಗವದ್ಗೀತೆಯನ್ನು ಅನುಭಾವವಾದಕ್ಕೂ, ಕಪಿಲನ ಸಾಂಖ್ಯವನ್ನು ಇಂದ್ರಿಯವಾದಕ್ಕೂ ಹಾಕಿದ.

ಯುರೋಪಿನ ತತ್ವಶಾಸ್ತ್ರದ ವೇದಿಕೆಯಲ್ಲಿ ಗ್ರೀಸಿಗಿಂತ ಮೊದಲು ಭಾರತಕ್ಕೆ ಪೂರ್ಣ ಪಾಠಗಳನ್ನು ಕೊಟ್ಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆದರೆ ಡಬ್ಬಿ ಮೊದಲೇ ಸಿದ್ಧವಾಗಿದ್ದರೆ ಏನಾಗುತ್ತದೆ ಎಂಬುದೂ ಇಲ್ಲೇ ಕಾಣುತ್ತದೆ. ಸಾಂಖ್ಯದ ಮೂಲಗ್ರಂಥವಾದ ಸಾಂಖ್ಯಕಾರಿಕೆಯ 64ನೇ ಶ್ಲೋಕದಲ್ಲಿ ‘ನಾಸ್ಮಿ ನ ಮೇ ನಾಹಂ’ ಎಂದಿದೆ: ನಾನಿಲ್ಲ, ನನ್ನದಿಲ್ಲ, ನಾನೆಂಬುದಿಲ್ಲ. ಇದನ್ನು ಓದಿದ ಕೂಝಾಂ, ಇಂದ್ರಿಯವಾದ ಕೊನೆಗೆ ಸಂಶಯಕ್ಕೆ, ಸಂಶಯ ಸಂಪೂರ್ಣ ಶೂನ್ಯವಾದಕ್ಕೆ ಇಳಿಯಿತು ಎಂದು ತೀರ್ಪು ಕೊಟ್ಟ.

ಶ್ಲೋಕದ ಉಳಿದ ಅರ್ಧ ನೋಡಿದರೆ ಸಾಕು. ಹೀಗೆ ತತ್ವಾಭ್ಯಾಸದಿಂದ ಹುಟ್ಟುವ ಜ್ಞಾನ ವಿಪರ್ಯಯವಿಲ್ಲದ್ದು (ತಪ್ಪು ತಿಳಿವಿಲ್ಲದ್ದು), ವಿಶುದ್ಧ, ಕೇವಲ ಎನ್ನುತ್ತದೆ ಅದು. ಇಲ್ಲ ಎಂದದ್ದು ಪುರುಷನನ್ನಲ್ಲ, ಅಂದರೆ ಸಾಂಖ್ಯ ಹೇಳುವ ಶುದ್ಧ ಚೇತನವನ್ನಲ್ಲ. ಬುದ್ಧಿ, ಅಹಂಕಾರ, ದೇಹಗಳನ್ನು ‘ನಾನು’ ಎಂದು ಅಂಟಿಸಿಕೊಂಡ ತಪ್ಪನ್ನು. ಅಲ್ಲಿ ಸಂಶಯವೂ ಇಲ್ಲ, ಶೂನ್ಯವೂ ಇಲ್ಲ. ಇರುವುದು ಬಿಡುಗಡೆಗೆ ಒಯ್ಯುವ ಖಚಿತ ಜ್ಞಾನ. 1837ರಲ್ಲಿ ಕಾರಿಕೆಯ ಇಂಗ್ಲಿಷ್ ಅನುವಾದವನ್ನು ಟಿಪ್ಪಣಿಯೊಂದಿಗೆ ಹೊರತಂದ ಎಚ್. ಎಚ್. ವಿಲ್ಸನ್ ಕೂಝಾಂನ ಈ ಓದನ್ನು ಹೆಸರಿಸಿಯೇ ಒಪ್ಪಲಿಲ್ಲ.

ತಪ್ಪು ಬರೀ ಅನುವಾದದ್ದಲ್ಲ. ಪ್ರತ್ಯಕ್ಷವನ್ನು ಮೊದಲ ಪ್ರಮಾಣವೆಂದು, ಜಡ ಪ್ರಕೃತಿಯನ್ನು ಮೂಲವೆಂದು ಹೇಳಿದ ತಕ್ಷಣ ಸಾಂಖ್ಯ ‘ಇಂದ್ರಿಯವಾದ’ ಎಂಬ ಚೀಟಿ ಅಂಟಿಸಿಕೊಂಡಿತು. ಆ ಚೀಟಿಯ ಮುಂದಿನ ಹೆಜ್ಜೆ ಸಂಶಯವಾದ ಎಂದು ಚಕ್ರ ಮೊದಲೇ ಹೇಳಿತ್ತು. ಸಾಂಖ್ಯದ ಜೀವಾಳವಾದ ಪುರುಷನಿಗೆ ಆ ಡಬ್ಬಿಯಲ್ಲಿ ಜಾಗವೇ ಇರಲಿಲ್ಲ.

## ತತ್ವ ಸರ್ಕಾರದ್ದಾದಾಗ

1828ರಲ್ಲೇ ಕೂಝಾಂ ತನ್ನ ತತ್ವವನ್ನು 1814ರ ಸಂವಿಧಾನ ಪತ್ರಕ್ಕೆ ಹೋಲಿಸಿದ್ದ. ರಾಜಸತ್ತೆ ಮತ್ತು ಪ್ರಜೆಗಳ ಹಕ್ಕು ಎರಡನ್ನೂ ಆ ಪತ್ರ ಕೂಡಿಸಿದ ಹಾಗೆ ಸಾರಸಂಗ್ರಹ ವಿಚಾರಗಳನ್ನು ಕೂಡಿಸುತ್ತದೆ ಎಂದು. 1830ರ ಜುಲೈ ಕ್ರಾಂತಿಯಲ್ಲಿ ಲೂಯಿ ಫಿಲಿಪ್ ಪಟ್ಟಕ್ಕೆ ಬಂದು ‘ಮಧ್ಯಮ ಮಾರ್ಗ’ವೇ ಸರ್ಕಾರದ ಘೋಷಣೆಯಾದಾಗ, ಈ ತತ್ವಕ್ಕೆ ಹೇಳಿಮಾಡಿಸಿದ ಕಾಲ ಬಂತು.

ಕೂಝಾಂ ಶಿಕ್ಷಣದ ರಾಜಮಂಡಳಿಯ ಸದಸ್ಯನಾದ, ಎಕೋಲ್ ನಾರ್ಮಲ್‌ನ ನಿರ್ದೇಶಕನಾದ, ಮೇಲ್ಮನೆಯ ಸದಸ್ಯನಾದ, 1840ರಲ್ಲಿ ಎಂಟು ತಿಂಗಳು ಶಿಕ್ಷಣ ಮಂತ್ರಿಯೂ ಆದ. ಇವುಗಳಿಗಿಂತ ಪರಿಣಾಮಕಾರಿಯಾದ ಕುರ್ಚಿ ಇನ್ನೊಂದಿತ್ತು: ತತ್ವಶಾಸ್ತ್ರದ ಅಧ್ಯಾಪಕರನ್ನು ಆರಿಸುವ ‘ಅಗ್ರೆಗಾಸಿಯೋಂ’ ಪರೀಕ್ಷಾ ಮಂಡಳಿಯ ಅಧ್ಯಕ್ಷತೆ. ಯಾರು ಅಧ್ಯಾಪಕರಾಗಬೇಕು, ಅವರು ಎಲ್ಲಿ ಓದಬೇಕು, ಏನು ಕಲಿಸಬೇಕು ಎಂಬ ಮೂರೂ ಒಬ್ಬನ ಕೈಗೆ ಬಂದವು. ಆ ಅಧ್ಯಾಪಕರಿಗೆ ಕೂಝಾಂನ ‘ರೆಜಿಮೆಂಟು’ ಎಂಬ ಹೆಸರೇ ಬಿತ್ತು.

1832ರ ಪಠ್ಯಕ್ರಮದ ಕ್ರಮ ಗಮನಿಸಿ: ಸೈಕಾಲಜಿ, ತರ್ಕ, ನೀತಿ ಮತ್ತು ದೇವರ ಕುರಿತ ಭಾಗ, ಕೊನೆಗೆ ತತ್ವಶಾಸ್ತ್ರದ ಇತಿಹಾಸ. ಮೊದಲು ಒಳಗೆ ನೋಡು, ಆಮೇಲೆ ಇತಿಹಾಸ ಕೇರು ಎಂಬ ವಿಧಾನವೇ ಪಠ್ಯಪಟ್ಟಿಯಾಗಿ ಇಳಿದು ಬಂದಿತ್ತು. ಪಾದ್ರಿಯ ಅಪ್ಪಣೆಯಿಲ್ಲದೆ, ಯಾವ ಮತದ ಹುಡುಗನೂ ಹೊರಗಾಗದಂತೆ, ಕರ್ತವ್ಯ ಮತ್ತು ಆತ್ಮದ ಬಗ್ಗೆ ತರಗತಿಯಲ್ಲಿ ಮಾತಾಡುವ ಅವಕಾಶವನ್ನು ಇದು ಫ್ರಾನ್ಸಿಗೆ ಕೊಟ್ಟಿತು. 1844ರಲ್ಲಿ ಚರ್ಚಿನ ಪರದವರು ಈ ತರಗತಿಗಳ ಮೇಲೆ ಮುಗಿಬಿದ್ದಾಗ ಕೂಝಾಂ ಮೇಲ್ಮನೆಯಲ್ಲಿ ನಿಂತು ಅವುಗಳ ಪರವಾಗಿ ವಾದಿಸಿದ.

## ಎದುರಾದ ಆಕ್ಷೇಪಗಳು

ಅತ್ಯಂತ ಗಟ್ಟಿಯಾದದ್ದು ಮೊರದ ಬಗ್ಗೆಯೇ. ಯಾವುದು ಕಾಳೆಂದು ಮೊದಲೇ ಗೊತ್ತಿದ್ದರೆ ನಿಮ್ಮಲ್ಲಿ ಆಗಲೇ ಒಂದು ತತ್ವವಿದೆ, ಉಳಿದವರಿಂದ ಆರಿಸುವುದು ಯಾಕೆ? ಗೊತ್ತಿಲ್ಲದಿದ್ದರೆ ಆರಿಸುವುದು ಹೇಗೆ? ಕೂಝಾಂನ ಉತ್ತರ ನೇರವಾಗಿತ್ತು: ಹೌದು, ಸಾರಸಂಗ್ರಹಕ್ಕೆ ಹಿಂದೊಂದು ತತ್ವ ಇರಲೇಬೇಕು, ಅದು ಅರಿವಿನ ವೀಕ್ಷಣೆಯಿಂದ ಸಿಗುತ್ತದೆ, ಇತಿಹಾಸ ಅದನ್ನು ಪರೀಕ್ಷಿಸಿ ತುಂಬಿಕೊಡುತ್ತದೆ. ತರ್ಕಕ್ಕೆ ಈ ಉತ್ತರ ನಿಲ್ಲುತ್ತದೆ. ಆದರೆ ಆಗ ಎಲ್ಲ ಭಾರವೂ ಆ ವೀಕ್ಷಣೆಯ ಮೇಲೆ ಬೀಳುತ್ತದೆ.

ಫ್ರೆಂಚ್ ತತ್ವಜ್ಞಾನಿ ಆಗಸ್ಟ್ ಕೋಂತ್ ಹೊಡೆದದ್ದು ಅಲ್ಲಿಗೇ. ಯೋಚಿಸುವವನು ಎರಡಾಗಿ ಸೀಳಿಕೊಂಡು ಒಬ್ಬ ಯೋಚಿಸುತ್ತ ಇನ್ನೊಬ್ಬ ಅದನ್ನು ನೋಡುತ್ತ ಕೂರಲಾರ. ನೋಡಲು ನಿಂತ ಕ್ಷಣ ಯೋಚನೆ ನಿಂತಿರುತ್ತದೆ ಎಂದು 1830ರಲ್ಲಿ ವಾದಿಸಿದ. ವೈದ್ಯ ಬ್ರೂಸೆ ಅದಕ್ಕೂ ಎರಡು ವರ್ಷ ಮೊದಲೇ, ಮಿದುಳು ನರಗಳನ್ನು ಬಿಟ್ಟು ಮನಸ್ಸಿನ ಮಾತಾಡುವುದನ್ನು ಟೀಕಿಸಿದ್ದ.

ಚರ್ಚಿನ ಕಡೆಯಿಂದ ಬಂದ ಆರೋಪ ಬೇರೆ. ವಿವೇಚನೆ ಎಲ್ಲರಲ್ಲೂ ಒಂದೇ, ಅದು ದೇವರದ್ದು ಎಂದರೆ ದೇವರು ಮತ್ತು ಜಗತ್ತಿನ ನಡುವಿನ ಗೆರೆ ಅಳಿಸಿಹೋಗುತ್ತದೆ ಎಂದು ಅಬೆ ಮಾರೆ 1840ರಲ್ಲಿ ಬರೆದ. ಎಡಪಕ್ಷದ ಪಿಯೇರ್ ಲರೂ 1839ರಲ್ಲಿ ಇಡೀ ಪುಸ್ತಕವನ್ನೇ ಸಾರಸಂಗ್ರಹವಾದದ ಖಂಡನೆಗೆ ಮೀಸಲಿಟ್ಟ: ತತ್ವಶಾಸ್ತ್ರ ತನ್ನ ಕಾಲದ ಜೀವಂತ ಹುಡುಕಾಟ, ಸತ್ತ ಪಂಥಗಳಿಂದ ಆಯ್ದ ತುಂಡುಗಳಲ್ಲ ಎಂದು ಅವನ ನಿಲುವು.

ಅಧಿಕಾರ ತಂದ ಕೇಡಿಗೆ ಒಂದು ಪ್ರಸಂಗ ಸಾಕು. ಕೂಝಾಂನ ಶಿಷ್ಯ ಥಿಯೊಡೋರ್ ಜುಫ್ರ್ವಾ ಆ ಬಳಗದ ಅತ್ಯಂತ ಪ್ರಾಮಾಣಿಕ ಮನಸ್ಸು, 1842ರಲ್ಲಿ ತೀರಿಕೊಂಡ. ಅವನ ಅಪ್ರಕಟಿತ ಬರಹವನ್ನು ಬಳಗದವನೇ ಆದ ದಾಮಿರೋಂ ಪ್ರಕಟಿಸಿದ. ಬಳಗಕ್ಕೆ ಮುಜುಗರ ತರುವ ಭಾಗಗಳನ್ನು ಅದರಲ್ಲಿ ಕತ್ತರಿಸಲಾಗಿತ್ತು. ಲರೂ 1843ರಲ್ಲಿ ಅದನ್ನು ಬಯಲಿಗೆಳೆದ. ಯಾರ ಅಧಿಕಾರಕ್ಕೂ ಬಾಗದವನು ಎಂಬ ದಿದೆರೊನ ಎಕ್ಲೆಕ್ಟಿಕ್‌ಗೂ ಈ ಕತ್ತರಿಗೂ ನಡುವಿನ ದೂರ ನನಗೆ ಈ ಇಡೀ ಇತಿಹಾಸದಲ್ಲಿ ಅತಿ ನೋವಿನ ಭಾಗ.

## ಕೊನೆ, ಮತ್ತು ಉಳಿದದ್ದು

1848ರಲ್ಲಿ ಲೂಯಿ ಫಿಲಿಪ್ ಬಿದ್ದ. 1851ರ ಡಿಸೆಂಬರ್‌ನಲ್ಲಿ ಲೂಯಿ ನೆಪೋಲಿಯನ್ ಅಧಿಕಾರ ಕಿತ್ತುಕೊಂಡ. ಮರುವರ್ಷ ತತ್ವಶಾಸ್ತ್ರದ ಅಗ್ರೆಗಾಸಿಯೋಂ ರದ್ದಾಯಿತು, ಶಾಲೆಯ ತತ್ವಶಾಸ್ತ್ರ ತರಗತಿ ಬರೀ ‘ತರ್ಕ’ದ ತರಗತಿಯಾಗಿ ಕುಗ್ಗಿತು, ಕೂಝಾಂ ನಿವೃತ್ತನಾದ. ಕೊನೆಯ ವರ್ಷಗಳಲ್ಲಿ ಅವನು ಬರೆದದ್ದು ಹೆಚ್ಚಾಗಿ ಹದಿನೇಳನೇ ಶತಮಾನದ ಫ್ರೆಂಚ್ ಮಹಿಳೆಯರ ಜೀವನಚರಿತ್ರೆಗಳನ್ನು. 1857ರಲ್ಲಿ ಯುವ ಇಪ್ಪೊಲಿತ್ ತೇನ್, ಕೂಝಾಂ ಒಳ್ಳೆಯ ಭಾಷಣಕಾರನೇ ಹೊರತು ತತ್ವಜ್ಞಾನಿಯಲ್ಲ ಎಂಬ ಚಿತ್ರವನ್ನು ಬರೆದ. ಮುಂದಿನ ತಲೆಮಾರುಗಳು ಬಹುಮಟ್ಟಿಗೆ ಆ ಚಿತ್ರವನ್ನೇ ನಂಬಿದವು. ಕೂಝಾಂ 1867ರ ಜನವರಿ 14ರಂದು ಕಾನ್ ಪಟ್ಟಣದಲ್ಲಿ ತೀರಿಕೊಂಡ.

ಉಳಿದದ್ದರಲ್ಲಿ ಮೊದಲನೆಯದು ಪಠ್ಯಗಳ ಕೆಲಸ. ಪ್ಲೇಟೋ ಮತ್ತು ಡೇಕಾರ್ಟ್ ಅಲ್ಲದೆ, ಪ್ರಾಚೀನ ಗ್ರೀಕ್ ತತ್ವಜ್ಞಾನಿ ಪ್ರೋಕ್ಲಸ್‌ನ ಕೃತಿಗಳು ಮತ್ತು 1836ರಲ್ಲಿ ಬಂದ ಮಧ್ಯಯುಗದ ಅಬೆಲಾರ್‌ನ ಅಪ್ರಕಟಿತ ಬರಹಗಳು ಅವನ ಕೈಯಿಂದ ಹೊರಬಂದವು. ಹದಿನೇಳನೇ ಶತಮಾನದ ಪಾಸ್ಕಲ್‌ನ ‘ಪಾಂಸೆ’ (ಚಿಂತನೆಗಳು) ಗ್ರಂಥದ ಚಾಲ್ತಿಯಲ್ಲಿದ್ದ ಮುದ್ರಣಗಳು ಮೂಲದಿಂದ ಎಷ್ಟು ದೂರ ಸರಿದಿವೆ ಎಂದು 1842ರಲ್ಲಿ ಹಸ್ತಪ್ರತಿ ಹಿಡಿದು ತೋರಿಸಿದವನೂ ಅವನೇ. ಎಲ್ಲ ಪಂಥದಲ್ಲೂ ಕಾಳಿದೆ ಎಂದು ನಂಬಿದವನಿಗೆ ಎಲ್ಲರ ಮೂಲಗ್ರಂಥವೂ ಸರಿಯ ರೂಪದಲ್ಲಿ ಬೇಕಾಗುತ್ತದೆ. ವಿರೋಧಿಗಳೂ ಈ ಗ್ರಂಥಗಳನ್ನೇ ಬಳಸಿದರು. ಅವನ ಪುಸ್ತಕಗಳೆಲ್ಲ ಸೊರ್ಬಾನ್‌ಗೆ ಹೋದವು. ಅವನ ಹೆಸರಿನ ಗ್ರಂಥಾಲಯ ಅಲ್ಲಿದೆ.

ಎರಡನೆಯದು ತರಗತಿ. 1863ರಲ್ಲಿ ಮಂತ್ರಿ ವಿಕ್ಟರ್ ದ್ಯುರ್ವಿ ತತ್ವಶಾಸ್ತ್ರವನ್ನು ಶಾಲೆಯ ಕೊನೆಯ ವರ್ಷಕ್ಕೆ ಮರಳಿ ತಂದ. ಸೈಕಾಲಜಿಯನ್ನು ಮೊದಲಿಗೆ ಇಡುವ ಪಠ್ಯಕ್ರಮ ಇಪ್ಪತ್ತನೇ ಶತಮಾನದೊಳಗೂ ನಡೆದುಬಂತು. ಈಗ ಆ ಕ್ರಮವೂ ಇಲ್ಲ, ಸಾರಸಂಗ್ರಹವಾದವನ್ನು ಕಲಿಸುವವರೂ ಇಲ್ಲ. ಕೊನೆಯ ವರ್ಷದ ಮಕ್ಕಳು ಜೂನ್‌ನ ಒಂದು ಬೆಳಗ್ಗೆ ಬಂದು ಕೂರುವ ಆ ನಾಲ್ಕು ಗಂಟೆ ಮಾತ್ರ ಹಾಗೇ ಇದೆ.